ನರದಲ್ಲಿ ಸುದ್ದಿ ಹರಿಯುವ ವೇಗ

ಕತ್ತಲಲ್ಲಿ ಅವಸರದಿಂದ ನಡೆಯುತ್ತಿರುವಾಗ ಕಾಲಿನ ಕಿರುಬೆರಳು ಹೊಸ್ತಿಲಿಗೆ ಬಡಿಯಿತೆಂದು ಭಾವಿಸೋಣ. ಆಗ ಉಂಟಾಗುವ ಅನುಭವವನ್ನು ಗಮನವಿಟ್ಟು ಪರಿಶೀಲಿಸಿದವರಿಗೆ ಒಂದು ವಿಚಿತ್ರ ಕಂಡುಬರುತ್ತದೆ. ಬೆರಳು ಬಡಿಯಿತೆಂಬ ಅರಿವು ಆ ಕ್ಷಣದಲ್ಲಿಯೇ ಆಗುತ್ತದೆ. ಚುರುಕ್ಕೆಂಬ ಮೊದಲ ನೋವೂ ಅದರ ಬೆನ್ನಿಗೇ ಬರುತ್ತದೆ. ಆದರೆ ಹಲ್ಲು ಕಚ್ಚಿಸುವ, ಸುಡುವಂಥ, ಆಳವಾದ ನೋವು ಬರಬೇಕಾದರೆ ತುಸು ಕಾಯಬೇಕು. ಬರುತ್ತದೆಂದು ತಿಳಿದು, ಕಾಲನ್ನು ಹಿಡಿದುಕೊಂಡು ನಾವು ಅದರ ನಿರೀಕ್ಷೆಯಲ್ಲಿ ನಿಲ್ಲುವಷ್ಟು ಬಿಡುವು ನಡುವೆ ಇರುತ್ತದೆ. ಪೆಟ್ಟು ಒಂದೇ, ಬಿದ್ದ ಜಾಗ ಒಂದೇ, ಸುದ್ದಿ ತಲಪಬೇಕಾದ ಮಿದುಳೂ ಒಂದೇ. ಹೀಗಿರುವಾಗ ಸುದ್ದಿ ಎರಡು ಕಂತುಗಳಲ್ಲಿ ಬರುವುದೇಕೆ?

ಉತ್ತರ ಸರಳವಾದುದು. ಎರಡು ಸುದ್ದಿಗಳೂ ಬೇರೆ ಬೇರೆ ಎಳೆಗಳ ಮೂಲಕ ಬೇರೆ ಬೇರೆ ವೇಗದಲ್ಲಿ ಪ್ರಯಾಣ ಮಾಡುತ್ತವೆ. ಸ್ಪರ್ಶದ ಸುದ್ದಿಯನ್ನು ಒಯ್ಯುವ ದಪ್ಪ ನರತಂತುಗಳಲ್ಲಿ ವೇಗವು ಸೆಕೆಂಡಿಗೆ 50 ಮೀಟರ್ ಅಥವಾ ಅದಕ್ಕೂ ಮಿಗಿಲು; ಆ ಸುಡುವ ನೋವನ್ನು ಒಯ್ಯುವ ತೆಳು ತಂತುಗಳಲ್ಲಿ ಸೆಕೆಂಡಿಗೆ ಸುಮಾರು 1 ಮೀಟರ್ ಮಾತ್ರ. ಕಾಲ್ಬೆರಳಿನಿಂದ ಬೆನ್ನುಹುರಿಯವರೆಗಿನ ದಾರಿ ಸುಮಾರು 1 ಮೀಟರ್. ಮೊದಲನೆಯ ಓಲೆಕಾರನು ಅದನ್ನು ಸೆಕೆಂಡಿನ ಐವತ್ತರಲ್ಲೊಂದು ಭಾಗದಲ್ಲಿ ಓಡಿ ಮುಗಿಸಿದರೆ ಎರಡನೆಯವನಿಗೆ ಪೂರ್ತಿ ಒಂದು ಸೆಕೆಂಡು ಬೇಕು. ಎರಡನೆಯವನು ನಡೆದು ಬರುತ್ತಾನೆಂದೇ ಹೇಳಬೇಕು.

ನರಮಂಡಲದ ಸ್ಥೂಲರಚನೆಯನ್ನು ವಾಚಕರು ಪಠ್ಯಪುಸ್ತಕಗಳಲ್ಲಿ ಓದಿಯೇ ಇರುತ್ತಾರಾದುದರಿಂದ ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ತಲೆಬುರುಡೆಯೊಳಗೆ ಮಿದುಳು, ಬೆನ್ನೆಲುಬಿನ ಕೊಳವೆಯೊಳಗೆ ಸುಮಾರು 45 ಸೆಂಟಿಮೀಟರ್ ಉದ್ದದ ಬೆನ್ನುಹುರಿ, ಮಿದುಳಿನಿಂದ 12 ಜೊತೆ, ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಟು ಮೈಯೆಲ್ಲ ಹರಡುತ್ತವೆ. ಮಿದುಳೊಂದರಲ್ಲಿಯೇ ಸುಮಾರು 8,600 ಕೋಟಿ ನರಕೋಶಗಳಿವೆಯೆಂದು ಈಗಿನ ಎಣಿಕೆ. ಪ್ರತಿಯೊಂದು ನರಕೋಶಕ್ಕೂ ಒಂದು ಒಡಲು, ಸುದ್ದಿಯನ್ನು ಬರಮಾಡಿಕೊಳ್ಳುವ ಕವಲುಕವಲಾದ ಕೊಂಬೆಗಳು, ಸುದ್ದಿಯನ್ನು ಹೊರಗೆ ಒಯ್ಯುವ ಒಂದೇ ಒಂದು ನೀಳವಾದ ಎಳೆ—ಇವು ಇರುತ್ತವೆ. ಈ ನೀಳವಾದ ಎಳೆಯೇ ಆಕ್ಸಾನ್. ಬೆನ್ನುಹುರಿಯ ಕೆಳಭಾಗದಿಂದ ಹೊರಟು ಪಾದವನ್ನು ಮುಟ್ಟುವ ಆಕ್ಸಾನ್ ಸುಮಾರು 1 ಮೀಟರ್ ಉದ್ದವಿರುತ್ತದೆ. ಆದರೂ ಅದು ಒಂದೇ ಜೀವಕೋಶದ ಒಂದು ಭಾಗ. ನಾವು ನರವೆಂದು ಕರೆಯುವುದು ಇಂಥ ಸಾವಿರಾರು ಎಳೆಗಳ ಕಂತೆ.

ಈ ಎಳೆಗಳಲ್ಲಿ ಸುದ್ದಿ ಹರಿಯುವುದಕ್ಕೆ ಕಾಲ ಬೇಕೆಂಬ ಮಾತು ಇಂದು ನಮಗೆ ಸಹಜವಾಗಿ ತೋರುತ್ತದೆ. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಅದು ಹಾಗಿರಲಿಲ್ಲ. ಬೆರಳನ್ನು ಆಡಿಸಬೇಕೆಂಬ ಇಚ್ಛೆಗೂ ಬೆರಳು ಆಡುವುದಕ್ಕೂ ನಡುವೆ ಯಾರಿಗೂ ಅಂತರ ಕಾಣದು. ಜರ್ಮನಿಯ ಶರೀರವಿಜ್ಞಾನಿಗಳ ಗುರುವೆನಿಸಿಕೊಂಡಿದ್ದ ಯೊಹಾನ್ನೆಸ್ ಮ್ಯುಲ್ಲರನು, ನರದ ಕ್ರಿಯೆಯ ವೇಗವನ್ನು ಅಳೆಯುವ ಸಾಮರ್ಥ್ಯ ಮನುಷ್ಯನಿಗೆ ಎಂದಿಗೂ ಬರಲಾರದೆಂದು ಭಾವಿಸಿದ್ದನು. ಅವನ ವಾದಕ್ಕೆ ಆಧಾರವಿಲ್ಲದೆ ಇರಲಿಲ್ಲ. ಬೆಳಕಿನ ವೇಗವನ್ನು ತಿಳಿಯಲು ಗ್ರಹಗಳ ನಡುವಣ ದೂರಗಳು ನೆರವಾದುವು. ದೇಹದೊಳಗೆ ದೊರೆಯುವ ದೂರವಾದರೋ ಒಂದೆರಡು ಮೀಟರ್!

ಮ್ಯುಲ್ಲರನ ಶಿಷ್ಯನೇ ಗುರುವಿನ ಮಾತನ್ನು ಸುಳ್ಳು ಮಾಡಿದನು. 1850ರಲ್ಲಿ ಕ್ಯೋನಿಗ್ಸ್‌ಬರ್ಗಿನಲ್ಲಿ ಪ್ರಾಧ್ಯಾಪಕನಾಗಿದ್ದ ಹರ್ಮನ್ ಹೆಲ್ಮ್‌ಹೋಲ್ಟ್ಸ್‌ನಿಗೆ ಆಗ ಇನ್ನೂ 30 ತುಂಬಿರಲಿಲ್ಲ. ಅದಕ್ಕೆ 3 ವರ್ಷ ಮೊದಲು, 1847ರಲ್ಲಿ, ಶಕ್ತಿಯ ನಿತ್ಯತ್ವವನ್ನು ಕುರಿತು ಪ್ರಬಂಧ ಬರೆದವನೂ ಅವನೇ. ಕಪ್ಪೆಯ ಕಾಲಿನ ಸ್ನಾಯುವನ್ನೂ ಅದಕ್ಕೆ ಸೇರಿದ ನರವನ್ನೂ ಅವನು ಬಿಡಿಸಿ ತೆಗೆದನು. ನರಕ್ಕೆ ವಿದ್ಯುತ್ತಿನ ಆಘಾತ ತಗಲಿದ ಕ್ಷಣದಲ್ಲಿಯೇ ಬೇರೊಂದು ಮಂಡಲದಲ್ಲಿ ವಿದ್ಯುತ್ಪ್ರವಾಹ ಆರಂಭವಾಗುವಂತೆಯೂ, ಸ್ನಾಯು ಕುಗ್ಗಿ ಭಾರವನ್ನು ಎತ್ತಿದ ಕ್ಷಣದಲ್ಲಿ ಆ ಪ್ರವಾಹ ಕಡಿದುಹೋಗುವಂತೆಯೂ ಉಪಕರಣವನ್ನು ಅಣಿಮಾಡಿದನು. ಪ್ರವಾಹ ಹರಿದ ಅಲ್ಪಕಾಲಕ್ಕೆ ತಕ್ಕಂತೆ ಗ್ಯಾಲ್ವನೊಮೀಟರಿನ ಕಾಂತಸೂಜಿ ಪಕ್ಕಕ್ಕೆ ವಾಲುತ್ತದೆ. ವಾಲಿದ ಕೋನವನ್ನು ಓದಿಕೊಂಡರೆ ಕಾಲ ತಿಳಿಯುತ್ತದೆ. ಹೀಗೆ ಸೆಕೆಂಡಿನ ಸಾವಿರದೊಂದು ಭಾಗವನ್ನೂ ಅವನು ಸೆರೆಹಿಡಿದನು.

ಆದರೆ ಈ ಕಾಲದಲ್ಲಿ ನರದ ಪಾಲು ಎಷ್ಟು, ಸ್ನಾಯುವಿನ ಪಾಲು ಎಷ್ಟು? ಸುದ್ದಿ ಮುಟ್ಟಿದ ಮೇಲೂ ಸ್ನಾಯು ಕುಗ್ಗಲು ಸ್ವಲ್ಪ ಹೊತ್ತು ಬೇಕು. ಉಪಕರಣದ ವಿಳಂಬ ಬೇರೆ. ಹೆಲ್ಮ್‌ಹೋಲ್ಟ್ಸ್‌ನ ಜಾಣ್ಮೆ ಇಲ್ಲಿಯೇ ಕಾಣುವುದು. ಅವನು ಮೊದಲು ಸ್ನಾಯುವಿಗೆ ದೂರವಾದ ಎಡೆಯಲ್ಲಿ, ಬಳಿಕ ಹತ್ತಿರವಾದ ಎಡೆಯಲ್ಲಿ ನರವನ್ನು ಕೆರಳಿಸಿ, ಎರಡು ಕಾಲಗಳನ್ನೂ ಅಳೆದು, ಒಂದರಿಂದ ಇನ್ನೊಂದನ್ನು ಕಳೆದನು. ಸ್ನಾಯುವಿನ ವಿಳಂಬವೂ ಯಂತ್ರದ ವಿಳಂಬವೂ ಎರಡರಲ್ಲಿಯೂ ಸಮವಾಗಿ ಸೇರಿರುವುದರಿಂದ ವ್ಯವಕಲನದಲ್ಲಿ ಅಳಿಸಿಹೋಗುತ್ತವೆ. ಉಳಿಯುವುದು ನರದ ಆ ಎರಡು ಎಡೆಗಳ ನಡುವಣ ಪ್ರಯಾಣದ ಕಾಲ ಮಾತ್ರ. ಅನುನಾದ ನಳಿಕೆಯ ಪ್ರಯೋಗವನ್ನು ಮಾಡಿರುವ ವಿದ್ಯಾರ್ಥಿಗಳಿಗೆ ಈ ಉಪಾಯ ಹೊಸದಲ್ಲ. ಅಲ್ಲಿ ಎರಡು ಅನುನಾದಗಳ ಉದ್ದಗಳನ್ನು ಕಳೆದು ನಳಿಕೆಯ ಬಾಯಿಯ ತಿದ್ದುಪಡಿಯನ್ನು ಹೇಗೆ ತೊಲಗಿಸುತ್ತೇವೆಯೋ ಇಲ್ಲಿಯೂ ಹಾಗೆಯೇ. ಪ್ರಯೋಗಪುಸ್ತಕದಲ್ಲಿ ಯಾಂತ್ರಿಕವಾಗಿ ಬರೆದುಬಿಡುವ ಆ ಒಂದು ವ್ಯವಕಲನಕ್ಕೆ ಎಷ್ಟು ಬಲವಿದೆಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು.

ಬಂದ ಉತ್ತರ, ಸೆಕೆಂಡಿಗೆ ಸುಮಾರು 25 ರಿಂದ 40 ಮೀಟರ್. ನರವನ್ನು ತಣ್ಣಗೆ ಮಾಡಿದರೆ ವೇಗ ಇನ್ನೂ ಇಳಿಯುತ್ತಿತ್ತು. ಬೆಳಕಿನ ವೇಗಕ್ಕೆ ಹೋಲಿಸುತ್ತಿದ್ದ ವಸ್ತು ಶಬ್ದದ ವೇಗದ ಹತ್ತನೆಯ ಒಂದು ಪಾಲನ್ನೂ ಅಷ್ಟಕ್ಕಷ್ಟೇ ಮುಟ್ಟಿತು. ಗಂಟೆಗೆ 100 ಕಿಲೋಮೀಟರ್ ಓಡುವ ರೈಲುಗಾಡಿಯ ವೇಗ ಸೆಕೆಂಡಿಗೆ 27 ಮೀಟರ್ ಚಿಲ್ಲರೆ. ಕಪ್ಪೆಯ ನರದ ಸುದ್ದಿಯೂ ಅದೇ ರೈಲಿನಲ್ಲಿ ಕುಳಿತು ಬರುತ್ತದೆಯೆನ್ನಬಹುದು. ಈ ಫಲಿತಾಂಶ ಅನೇಕರಿಗೆ ಒಗ್ಗಲಿಲ್ಲ. ಆಲೋಚನೆಯೂ ಅದರಿಂದಾಗುವ ದೇಹದ ಚಲನೆಯೂ ಒಂದೇ ಕಾಲದಲ್ಲಿ ಆಗುವುವೆಂದು ನಂಬಿದ್ದ ಹೆಲ್ಮ್‌ಹೋಲ್ಟ್ಸ್‌ನ ತಂದೆಯೇ ಮಗನಿಗೆ ತನ್ನ ಸಂದೇಹವನ್ನು ಬರೆದು ತಿಳಿಸಿದನು.

ನಮಗೆ ಸಂದೇಹವಿದ್ದರೆ ಅದನ್ನು ಪರಿಹರಿಸಿಕೊಳ್ಳಲು 100 ರೂಪಾಯಿಯ ಒಂದು ನೋಟು ಸಾಕು. ನೋಟನ್ನು ಉದ್ದುದ್ದವಾಗಿ ತೂಗುಹಾಕಿ ಹಿಡಿದುಕೊಳ್ಳಿ. ಗೆಳೆಯನು ತನ್ನ ಹೆಬ್ಬೆರಳನ್ನೂ ತೋರುಬೆರಳನ್ನೂ ನೋಟಿನ ನಡುಮಧ್ಯದ ಎರಡು ಪಕ್ಕಗಳಲ್ಲಿ, ತಾಗದಂತೆ, ಇಟ್ಟುಕೊಳ್ಳಲಿ. ಹೇಳದೆ ಕೇಳದೆ ನೋಟನ್ನು ಬಿಡಿ. ಅವನು ಹಿಡಿದರೆ ನೋಟು ಅವನದೇ! ನೋಟು ಕಳೆದುಕೊಳ್ಳುವ ಭಯ ಬೇಡ. ಬೆರಳುಗಳ ಮೇಲೆ ಉಳಿದಿರುವುದು ಸುಮಾರು 7 ಸೆಂಟಿಮೀಟರ್. ಅಷ್ಟು ದೂರ ಬೀಳಲು ವಸ್ತುವಿಗೆ ಬೇಕಾದ ಕಾಲ 0.12 ಸೆಕೆಂಡು. ಕಣ್ಣಿನಿಂದ ಕಂಡು ಬೆರಳನ್ನು ಮುಚ್ಚಲು ನಮಗೆ ಸುಮಾರು 0.2 ಸೆಕೆಂಡು ಬೇಕು. ಅಡಿಕೋಲನ್ನು ಬೀಳಿಸಿ, ಎಷ್ಟು ಸೆಂಟಿಮೀಟರ್ ಜಾರಿದ ಮೇಲೆ ಅದು ಹಿಡಿತಕ್ಕೆ ಸಿಕ್ಕಿತೆಂದು ನೋಡಿದರೆ, ಬೀಳುವ ವಸ್ತುವಿನ ಸೂತ್ರದಿಂದ ನಿಮ್ಮ ಕಾಲವನ್ನು ನೀವೇ ಲೆಕ್ಕಹಾಕಬಹುದು; 20 ಸೆಂಟಿಮೀಟರ್ ಜಾರಿದರೆ 0.2 ಸೆಕೆಂಡು. ಈ ಕಾಲದಲ್ಲಿ ಮಿದುಳಿನಿಂದ ಕೈಯವರೆಗಿನ ಪ್ರಯಾಣಕ್ಕೆ ಸಲ್ಲುವುದು ಹತ್ತರಲ್ಲೊಂದು ಪಾಲಿನಷ್ಟು. ಉಳಿದುದು ಕಣ್ಣಿನ ಪರದೆಯಲ್ಲಿಯೂ ಮಿದುಳಿನ ಕೋಶಗಳ ನಡುವಣ ಸಮಾಲೋಚನೆಯಲ್ಲಿಯೂ ಸ್ನಾಯುವಿನಲ್ಲಿಯೂ ವೆಚ್ಚವಾಗುತ್ತದೆ. ಬಿಸಿ ಪಾತ್ರೆಯನ್ನು ಮುಟ್ಟಿದ ಕೈ ಈ ಸಮಾಲೋಚನೆಗೆ ಕಾಯುವುದಿಲ್ಲ. ಬೆನ್ನುಹುರಿಯೇ ಅಪ್ಪಣೆ ಕೊಟ್ಟು ಕೈಯನ್ನು ಹಿಂದಕ್ಕೆ ಸೆಳೆಸುತ್ತದೆ, ವರದಿ ಮಿದುಳಿಗೆ ಆಮೇಲೆ ಹೋಗುತ್ತದೆ.

ನರಗಳನ್ನು ಟೆಲಿಫೋನಿನ ತಂತಿಗಳಿಗೆ ಹೋಲಿಸುವ ವಾಡಿಕೆ ಹಿಂದಿನಿಂದಲೂ ಇದೆ. ಹೋಲಿಕೆ ಸುಲಭವೇನೋ ಹೌದು, ಆದರೆ ಅದು ದಾರಿ ತಪ್ಪಿಸುತ್ತದೆ. ತಾಮ್ರದ ತಂತಿಗೆ ಹೋಲಿಸಿದರೆ ಆಕ್ಸಾನಿನ ಒಳಗಿನ ಉಪ್ಪುದ್ರವದ ವಿದ್ಯುನ್ನಿರೋಧವು ಕೆಲವು ಕೋಟಿ ಪಟ್ಟು ಹೆಚ್ಚು. ಸಾಲದುದಕ್ಕೆ ಅದರ ಹೊದಿಕೆಯಾದ ಪೊರೆಯಿಂದ ವಿದ್ಯುತ್ತು ಹೊರಕ್ಕೆ ಸೋರುತ್ತದೆ. ಒಂದು ತುದಿಯಲ್ಲಿ ವಿದ್ಯುತ್ತನ್ನು ಕೊಟ್ಟು ಸುಮ್ಮನಿದ್ದರೆ ಕೆಲವೇ ಮಿಲಿಮೀಟರ್‌ಗಳೊಳಗೆ ಅದು ಕ್ಷೀಣಿಸಿಹೋಗುತ್ತದೆ. ಅಟ್ಲಾಂಟಿಕ್ ಸಾಗರದ ತಳದಲ್ಲಿ 1858ರಲ್ಲಿ ಹಾಕಿದ ಮೊದಲ ತಂತಿಯಲ್ಲಿಯೂ ಸಂಕೇತಗಳು ಹೀಗೆಯೇ ಮಂಕಾಗಿ ಹರಡಿಕೊಳ್ಳುತ್ತಿದ್ದುವು. ಆ ತಂತಿ ಕೆಲವೇ ವಾರಗಳಲ್ಲಿ ಕೆಟ್ಟುಹೋಯಿತು. ಆ ತೊಡಕನ್ನು ವಿವರಿಸಲು ವಿಲಿಯಂ ಥಾಮ್ಸನ್‌ನು, ಎಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವನು, ರಚಿಸಿದ ಸಮೀಕರಣವನ್ನೇ ಶರೀರವಿಜ್ಞಾನಿಗಳು ಮುಂದೆ ನರತಂತುವಿಗೂ ಅನ್ವಯಿಸಿದರು. ಕಡಲ ತಳದ ತಂತಿಗೂ ಕಪ್ಪೆಯ ನರಕ್ಕೂ ಒಂದೇ ಗಣಿತ!

ಹಾಗಾದರೆ ಕ್ಷೀಣಿಸಬೇಕಾದ ಸುದ್ದಿ ಕ್ಷೀಣಿಸದೆ ಪಾದದಿಂದ ಬೆನ್ನುಹುರಿಯವರೆಗೆ ಬರುವುದು ಹೇಗೆ? ದಾರಿಯುದ್ದಕ್ಕೂ ಅದು ಮತ್ತೆ ಮತ್ತೆ ಹೊಸದಾಗಿ ಹುಟ್ಟುತ್ತದೆ. ಪಟಾಕಿಯ ಬತ್ತಿಯನ್ನು ನೆನೆಯಿರಿ. ಬತ್ತಿಯ ಒಂದು ಭಾಗದ ಕಿಡಿ ಪಕ್ಕದ ಭಾಗವನ್ನು ಹೊತ್ತಿಸುತ್ತದೆ. ಉರಿಯುವ ಶಕ್ತಿ ಆಯಾ ಭಾಗದ್ದೇ ಹೊರತು ಕಡ್ಡಿ ಗೀರಿದವನು ಕೊಟ್ಟುದಲ್ಲ. ನರದಲ್ಲಿ ಆ ಮದ್ದು ಯಾವುದೆಂದರೆ ಪೊರೆಯ ಎರಡು ಪಕ್ಕಗಳಲ್ಲಿರುವ ಅಯಾನುಗಳ ಅಸಮತೆ. ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು. ವಿರಾಮಸ್ಥಿತಿಯಲ್ಲಿ ಒಳಭಾಗವು ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟಿನಷ್ಟು ಋಣವಾಗಿರುತ್ತದೆ. 70 ಮಿಲಿವೋಲ್ಟೆಂದರೆ ಕೈಗಡಿಯಾರದ ಬ್ಯಾಟರಿಯೂ ನಗುವಷ್ಟು ಅಲ್ಪ. ಆದರೆ ಪೊರೆಯ ದಪ್ಪವು ಒಂದು ಮಿಲಿಮೀಟರಿನ ಲಕ್ಷದೊಂದು ಭಾಗಕ್ಕಿಂತಲೂ ಕಡಿಮೆ. ಭಾಗಿಸಿ ನೋಡಿದರೆ ಪೊರೆಯಲ್ಲಿರುವ ವಿದ್ಯುತ್‌ಕ್ಷೇತ್ರ ಮೀಟರಿಗೆ ಸುಮಾರು 1 ಕೋಟಿ ವೋಲ್ಟು. ಗಾಳಿಯಲ್ಲಿ ಕಿಡಿ ಹಾರಲು ಮೀಟರಿಗೆ 30 ಲಕ್ಷ ವೋಲ್ಟು ಸಾಕು! ಇಷ್ಟು ಬಿಗುವಿನಲ್ಲಿರುವ ಪೊರೆಯಲ್ಲಿ ಸೋಡಿಯಮ್ಮಿಗೆಂದೇ ಇರುವ ಬಾಗಿಲುಗಳು ಒಮ್ಮೆ ತೆರೆದರೆ ಸೋಡಿಯಂ ಒಳನುಗ್ಗುತ್ತದೆ. ಸೆಕೆಂಡಿನ ಸಾವಿರದೊಂದು ಭಾಗದಲ್ಲಿ ಒಳಭಾಗವು ಋಣದಿಂದ ಧನಕ್ಕೆ ತಿರುಗಿ, ಪೊಟ್ಯಾಸಿಯಂ ಹೊರಹರಿದು, ಮೊದಲಿನ ಸ್ಥಿತಿಗೆ ಮರಳುತ್ತದೆ. ಈ ಏರಿಳಿತವೇ ಪಕ್ಕದ ಬಾಗಿಲುಗಳನ್ನು ತೆರೆಯುವ ಕಿಡಿ. ಬತ್ತಿ ಒಮ್ಮೆ ಉರಿದರೆ ಬೂದಿ. ನರವಾದರೋ ಕೆಲವೇ ಮಿಲಿಸೆಕೆಂಡುಗಳಲ್ಲಿ ಮತ್ತೆ ಹೊತ್ತಲು ಸಿದ್ಧ.

ಈ ಸಂಗತಿಯನ್ನು ಅಂಕಿಗಳಲ್ಲಿ ನಿಲ್ಲಿಸಿದವರು ಇಂಗ್ಲೆಂಡಿನ ಹಾಜ್‌ಕಿನ್ ಮತ್ತು ಹಕ್ಸ್‌ಲಿ. ಅವರಿಗೆ ನೆರವಾದ ಪ್ರಾಣಿ ನಮ್ಮ ಕರಾವಳಿಯವರು ಬೊಂಡಾಸ ಎನ್ನುವ ಸ್ಕ್ವಿಡ್. ಅದರ ಮೈಯಲ್ಲಿ ಅರ್ಧ ಮಿಲಿಮೀಟರಿಗೂ ಮಿಕ್ಕು ದಪ್ಪವಾಗಬಲ್ಲ ಆಕ್ಸಾನ್ ಇದೆಯೆಂದು ಜೆ. ಝಡ್. ಯಂಗ್ 1936ರಲ್ಲಿ ತೋರಿಸಿದ್ದನು. ಅಷ್ಟು ದಪ್ಪವಿದ್ದರೆ ಒಳಗೆ ತಂತಿಯನ್ನೇ ತೂರಿಸಬಹುದು. 1939ರಲ್ಲಿ ಪ್ಲಿಮತ್ತಿನಲ್ಲಿ ಇಬ್ಬರೂ ಅದನ್ನು ಮಾಡಿದರು. ಅಷ್ಟರಲ್ಲಿ ಮಹಾಯುದ್ಧ ಬಂದು ಕೆಲಸ ನಿಂತಿತು. 1952ರಲ್ಲಿ ಹೊರಬಂದ ಅವರ ಪ್ರಬಂಧಗಳಲ್ಲಿ ಸೋಡಿಯಂ ಪೊಟ್ಯಾಸಿಯಂಗಳ ಹರಿವಿನ ಸಮೀಕರಣಗಳಿದ್ದುವು. ಅವನ್ನು ಬಿಡಿಸಬೇಕೆಂದಾಗ ಕೇಂಬ್ರಿಜ್ಜಿನ ಗಣಕಯಂತ್ರವನ್ನು ಮಾರ್ಪಾಡಿಗಾಗಿ ನಿಲ್ಲಿಸಿದ್ದರು. ಹಕ್ಸ್‌ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರವನ್ನು ಹಿಡಿದು ವಾರಗಟ್ಟಲೆ ತಿರುಗಿಸಿದನು. ಲೆಕ್ಕದಿಂದ ಬಂದ ವೇಗ ಸೆಕೆಂಡಿಗೆ 18.8 ಮೀಟರ್; ಪ್ರಾಣಿಯ ನರದಲ್ಲಿ ಅಳೆದುದು 21.2 ಮೀಟರ್. ಪೊರೆಯ ಗುಣಗಳನ್ನು ಮಾತ್ರ ಆಧರಿಸಿ, ವೇಗವನ್ನು ಮುಂದಾಗಿ ಊಹಿಸಿಕೊಳ್ಳದೆ, ಇಷ್ಟು ಹತ್ತಿರದ ಉತ್ತರ ಬಂದುದು ಭೌತಶಾಸ್ತ್ರ ಕಲಿಸುವ ನನ್ನಂಥವರಿಗೆ ರೋಮಾಂಚನವನ್ನುಂಟುಮಾಡುವ ವಿಷಯ. 1963ರಲ್ಲಿ ಇಬ್ಬರಿಗೂ, ಜಾನ್ ಎಕ್ಲ್ಸ್‌ನೊಡನೆ, ನೊಬೆಲ್ ಬಹುಮಾನ ದೊರೆಯಿತು.

ಇನ್ನೊಂದು ಲೆಕ್ಕವನ್ನು ಮಾಡೋಣ. ಸ್ಕ್ವಿಡ್ಡಿನ ಬರಿಯ ನರತಂತುವಿನಲ್ಲಿ ವೇಗವು ದಪ್ಪದ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆ. ಅರ್ಧ ಮಿಲಿಮೀಟರ್ ದಪ್ಪಕ್ಕೆ 20 ಮೀಟರ್ ವೇಗವಾದರೆ, 100 ಮೀಟರ್ ವೇಗ ಬೇಕಾದಾಗ ದಪ್ಪ 25 ಪಟ್ಟು, ಎಂದರೆ 12 ಮಿಲಿಮೀಟರಿಗೂ ಹೆಚ್ಚಾಗಬೇಕು. ಅಂಥ ಸಾವಿರ ಎಳೆಗಳನ್ನು ಕಂತೆ ಕಟ್ಟಿದರೆ ತೆಂಗಿನ ಕಾಂಡವೇ ಆದೀತು. ಅದನ್ನು ತೊಡೆಯೊಳಗೆ ಇಡುವುದೆಲ್ಲಿ? ಆದರೂ ನಮ್ಮ ಮೈಯಲ್ಲಿ ಮಿಲಿಮೀಟರಿನ ಐವತ್ತರಲ್ಲೊಂದು ಭಾಗ ದಪ್ಪದ ತಂತುಗಳು 100 ಮೀಟರ್ ವೇಗವನ್ನು ಸಾಧಿಸಿವೆ. ಇದರ ಗುಟ್ಟು ಮಯಲಿನ್ ಎಂಬ ಕೊಬ್ಬಿನ ಕವಚ. ಷ್ವಾನ್ ಕೋಶಗಳೆಂಬ ಪರಿಚಾರಕ ಕೋಶಗಳು ಆಕ್ಸಾನಿನ ಸುತ್ತ ಪದರ ಪದರವಾಗಿ ಸುತ್ತಿಕೊಂಡು ಈ ಕವಚವನ್ನು ಹೆಣೆಯುತ್ತವೆ. ಸುಮಾರು ಮಿಲಿಮೀಟರಿಗೊಮ್ಮೆ ಕವಚದಲ್ಲಿ ಕಿರಿದಾದ ಬಿಡುವು. ಸೋಡಿಯಮ್ಮಿನ ಬಾಗಿಲುಗಳು ದಟ್ಟವಾಗಿರುವುದು ಅಲ್ಲಿ ಮಾತ್ರ. ಕವಚವಿದ್ದೆಡೆ ಸೋರಿಕೆಯಿಲ್ಲದ ಕಾರಣ ವಿದ್ಯುತ್ತು ಥಟ್ಟನೆ ಮುಂದಿನ ಬಿಡುವನ್ನು ಮುಟ್ಟಿ ಅಲ್ಲಿ ಹೊಸ ಕಿಡಿಯನ್ನು ಹೊತ್ತಿಸುತ್ತದೆ. ಹಳ್ಳವನ್ನು ಕಲ್ಲಿನಿಂದ ಕಲ್ಲಿಗೆ ಹಾರಿ ದಾಟುವವನಂತೆ ಸುದ್ದಿ ಹಾರುತ್ತ ಸಾಗುತ್ತದೆ. ಮೊದಲು ಹೇಳಿದ ಸುಡುವ ನೋವಿನ ತಂತುಗಳಿಗೆ ಈ ಕವಚವಿಲ್ಲ. ಆದುದರಿಂದಲೇ ಅವುಗಳ ಮಂದಗತಿ.

ಒಂದು ಕೋಶದ ಎಳೆ ಮುಗಿದು ಇನ್ನೊಂದು ಕೋಶ ಆರಂಭವಾಗುವಲ್ಲಿ ಕಿರಿದಾದ ಸಂದು ಇರುತ್ತದೆ. ಅದನ್ನು ದಾಟಿಸುವ ದೂತ ಸಾಮಾನ್ಯವಾಗಿ ವಿದ್ಯುತ್ತಲ್ಲ, ರಾಸಾಯನಿಕ ದ್ರವ್ಯ. ಆಟೊ ಲೋವಿ 1921ರಲ್ಲಿ ಒಂದು ಕಪ್ಪೆಯ ಹೃದಯದ ಬಡಿತವನ್ನು ನರದ ಮೂಲಕ ನಿಧಾನಗೊಳಿಸಿ, ಅದನ್ನು ತೊಯ್ದಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದಾಗ ಅದೂ ನಿಧಾನವಾಯಿತು. ಆ ದ್ರವ್ಯವೇ ಅಸಿಟೈಲ್‌ಕೋಲೀನ್. ನಮ್ಮ ನರವು ಸ್ನಾಯುವಿಗೆ ಅಪ್ಪಣೆ ಮುಟ್ಟಿಸುವುದೂ ಇದರಿಂದಲೇ. ನಾಗರಹಾವಿನ ವಿಷವು ಸ್ನಾಯುವಿನಲ್ಲಿ ಈ ದೂತನಿಗೆ ಮೀಸಲಾದ ಪೀಠಗಳನ್ನು ಆಕ್ರಮಿಸಿಕೊಳ್ಳುತ್ತದೆ. ನರ ಸರಿಯಾಗಿಯೇ ಕೂಗುತ್ತಿರುತ್ತದೆ, ಸ್ನಾಯುವಿಗೆ ಕೇಳಿಸುವುದಿಲ್ಲ. ಮೊದಲು ಕಣ್ಣಿನ ರೆಪ್ಪೆ ಜೋಲುತ್ತದೆ. ಉಸಿರಾಟದ ಸ್ನಾಯುಗಳವರೆಗೆ ಅದು ಹಬ್ಬುವ ಮೊದಲೇ ಆಸ್ಪತ್ರೆಯನ್ನು ಸೇರಬೇಕು.

ಈಗ ಮೊಣಕೈಗೆ ಬರೋಣ. ಬೆಂಚಿನ ಅಂಚಿಗೆ ಮೊಣಕೈಯ ಒಳಬದಿ ತಾಗಿದಾಗ ಕಿರುಬೆರಳಿನವರೆಗೂ ಜುಮ್ಮೆನ್ನುವುದನ್ನು ಎಲ್ಲರೂ ಬಲ್ಲರು. ಅಲ್ಲಿ ಅಲ್ನಾರ್ ಎಂಬ ನರವು ಎಲುಬಿನ ಮೇಲೆ, ಚರ್ಮದ ಕೆಳಗೆಯೇ ಹಾದುಹೋಗುತ್ತದೆ. ಚರ್ಮಕ್ಕೆ ಹತ್ತಿರವಾದುದರಿಂದ ಅದು ಮೈಯ ಒಳಭಾಗಕ್ಕಿಂತ ತುಸು ತಂಪು. ತಂಪನ್ನು ಮೆಚ್ಚುವ ಒಂದು ಜೀವಾಣುವಿಗೆ ಇದೇ ಅನುಕೂಲವಾದ ನೆಲೆ. ಅದು ಕುಷ್ಠರೋಗದ ಜೀವಾಣು. 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಕಂಡುಹಿಡಿದುದು. ಅದು ಹೊಕ್ಕು ವಾಸಮಾಡುವುದು ಮಯಲಿನ್ ಹೆಣೆಯುವ ಆ ಷ್ವಾನ್ ಕೋಶಗಳಲ್ಲಿಯೇ. ಅದರ ಬೆಳವಣಿಗೆ ಬಹಳ ನಿಧಾನ. ಸೋಂಕಿದ ಎಷ್ಟೋ ವರ್ಷಗಳ ಮೇಲೆ ರೋಗ ತೋರಬಹುದು. ಕವಚ ಕೆಡುತ್ತದೆ, ನರ ಉಬ್ಬುತ್ತದೆ, ಸುದ್ದಿಯ ವೇಗ ಇಳಿಯುತ್ತದೆ, ಕೊನೆಗೆ ಸುದ್ದಿಯೇ ನಿಲ್ಲುತ್ತದೆ.

ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸುವ ಕ್ರಮವನ್ನು ಕಂಡರೆ ಹೆಲ್ಮ್‌ಹೋಲ್ಟ್ಸ್‌ನಿಗೆ ಸಂತೋಷವಾಗುತ್ತಿತ್ತು. ಮಣಿಕಟ್ಟಿನ ಬಳಿ ಒಮ್ಮೆ, ಮೊಣಕೈಯ ಬಳಿ ಒಮ್ಮೆ ನರಕ್ಕೆ ಸಣ್ಣ ವಿದ್ಯುತ್ ಆಘಾತ ಕೊಟ್ಟು, ಕಿರುಬೆರಳಿನ ಬುಡದ ಸ್ನಾಯುವಿನಲ್ಲಿ ಉತ್ತರ ಬರುವ ಕಾಲವನ್ನು ಬರೆದುಕೊಂಡು, ಒಂದರಿಂದ ಇನ್ನೊಂದನ್ನು ಕಳೆಯುತ್ತಾರೆ. ಉಪಕರಣ ಇಂದಿನದು, ವ್ಯವಕಲನ 1850ರದು. ಆರೋಗ್ಯವಂತರ ಕೈಯಲ್ಲಿ ವೇಗ ಸೆಕೆಂಡಿಗೆ 50–60 ಮೀಟರ್ ಬರುತ್ತದೆ. ಅದಕ್ಕಿಂತ ತೀರ ಕಡಿಮೆಯಾದರೆ ಕವಚಕ್ಕೆ ಏನೋ ಆಗಿದೆಯೆಂದು ತಿಳಿಯಬೇಕು.

ಯಂತ್ರವಿಲ್ಲದೆಯೂ ತಿಳಿಯಬಹುದಾದ ಕುರುಹು ಒಂದುಂಟು. ಚರ್ಮದ ಮೇಲೆ ಸುತ್ತಣ ಬಣ್ಣಕ್ಕಿಂತ ಮಾಸಲಾದ ಅಥವಾ ಕೆಂಪಾದ ಮಚ್ಚೆಯಿದ್ದು, ಕಣ್ಣು ಮುಚ್ಚಿಕೊಂಡಾಗ ಅಲ್ಲಿ ಹತ್ತಿಯ ಎಳೆ ಸವರಿದುದು ತಿಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು. ತೊನ್ನಿಗೂ ಇದಕ್ಕೂ ಸಂಬಂಧವಿಲ್ಲ. ತೊನ್ನಿನ ಬಿಳಿಮಚ್ಚೆಯಲ್ಲಿ ಸ್ಪರ್ಶಜ್ಞಾನ ಸರಿಯಾಗಿಯೇ ಇರುತ್ತದೆ, ಅದು ಅಂಟುವುದೂ ಇಲ್ಲ. ಕುಷ್ಠವೂ ಜನ ಹೆದರುವಷ್ಟು ಸುಲಭವಾಗಿ ಅಂಟುವುದಲ್ಲ. ಬಹುಮಂದಿಗೆ ಅದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇದೆ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಬಹುವಿಧ ಔಷಧಿಯನ್ನು 6 ಅಥವಾ 12 ತಿಂಗಳು ತೆಗೆದುಕೊಂಡರೆ ರೋಗ ವಾಸಿಯಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ರೋಗವು ಜನಾರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲವೆಂದು 2005ರ ಕೊನೆಯಲ್ಲಿ ಭಾರತ ಸಾರಿತಾದರೂ ಜಗತ್ತಿನಲ್ಲಿ ವರ್ಷವರ್ಷವೂ ಪತ್ತೆಯಾಗುವ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮ ದೇಶದವರೇ. ಗಂಡ ಹೆಂಡಿರಲ್ಲಿ ಒಬ್ಬರಿಗೆ ಕುಷ್ಠವಿದೆಯೆಂಬುದನ್ನು ವಿಚ್ಛೇದನಕ್ಕೆ ಕಾರಣವಾಗಿ ಒಪ್ಪುತ್ತಿದ್ದ ಕಾನೂನು ರದ್ದಾದುದು 2019ರಲ್ಲಿ. ಜೀವಾಣುವಿಗಿಂತ ನಾಚಿಕೆಯೇ ಹೆಚ್ಚು ಕೆಡುಕು ಮಾಡುತ್ತದೆಂದು ನನಗೆ ತೋರುತ್ತದೆ. ಮಚ್ಚೆಯನ್ನು ತೋಳಿನ ಬಟ್ಟೆಯಲ್ಲಿ ಮುಚ್ಚಿಟ್ಟುಕೊಂಡ ಪ್ರತಿ ತಿಂಗಳೂ ನರ ಸವೆಯುತ್ತಿರುತ್ತದೆ. ಔಷಧಿ ಜೀವಾಣುವನ್ನು ಕೊಲ್ಲುತ್ತದೆ, ಸತ್ತ ನರವನ್ನು ಬದುಕಿಸುವುದಿಲ್ಲ.

ಕುಷ್ಠದಲ್ಲಿ ಬೆರಳುಗಳು ತಾವಾಗಿ ಕೊಳೆತು ಉದುರುತ್ತವೆಂಬ ನಂಬಿಕೆ ಬಹುಕಾಲ ವೈದ್ಯರಲ್ಲಿಯೂ ಇತ್ತು. ಅದು ಹಾಗಲ್ಲವೆಂದು ತೋರಿಸಿದವರಲ್ಲಿ ಪ್ರಮುಖನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಶಸ್ತ್ರವೈದ್ಯ ಪಾಲ್ ಬ್ರಾಂಡ್. ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದವನು ಅವನು. ಬೆರಳಿನ ಮಾಂಸಕ್ಕೆ ಬೇರೆ ದೋಷವೇನೂ ಇಲ್ಲ. ನೋವು ತಿಳಿಯದ ಕೈ ಬಿಸಿ ಪಾತ್ರೆಯನ್ನು ಹಿಡಿಯುತ್ತದೆ, ತುಕ್ಕು ಹಿಡಿದ ಬೀಗವನ್ನು ಬೆರಳು ಕುಯ್ಯುವಷ್ಟು ಬಲವಾಗಿ ತಿರುಗಿಸುತ್ತದೆ, ಆದ ಗಾಯವನ್ನು ಲೆಕ್ಕಿಸದೆ ಮರುದಿನವೂ ಅದೇ ಕೆಲಸಕ್ಕೆ ಇಳಿಯುತ್ತದೆ. ಹೊಸ್ತಿಲಿಗೆ ಎಡವಿದಾಗ ನಾವು ಶಪಿಸುವ ಆ ನೋವು ಇಲ್ಲದ ಕೈಯ ಗತಿ ಇದು. ಅಲ್ನಾರ್ ನರ ಸತ್ತ ಮೇಲೆ ಬೆರಳುಗಳು ಉಗುರಿನಂತೆ ಮಡಚಿಕೊಂಡು ನಿಲ್ಲುತ್ತವೆ. ಮಣಿಕಟ್ಟಿನ ನಡುವೆ ಹಾಯುವ ಇನ್ನೊಂದು ನರವೂ ಕೆಟ್ಟರೆ ಹೆಬ್ಬೆರಳು ಉಳಿದ ಬೆರಳುಗಳಿಗೆ ಎದುರಾಗಿ ಬರಲಾರದು. 1940ರ ದಶಕದ ಕೊನೆಯಿಂದ ಬ್ರಾಂಡನೂ ಅವನ ಸಂಗಡಿಗರೂ ಇಂಥ ಕೈಗಳನ್ನು ದುರಸ್ತಿ ಮಾಡಲು ತೊಡಗಿದರು. ಮುಂಗೈಯ ಮೇಲ್ಭಾಗದಲ್ಲಿರುವ ಸ್ನಾಯುಗಳ ನರಗಳು ಸಾಮಾನ್ಯವಾಗಿ ಈ ರೋಗದಲ್ಲಿ ಉಳಿದಿರುತ್ತವೆ. ಉಂಗುರದ ಬೆರಳನ್ನು ಮಡಚುವ ಎರಡು ಸ್ನಾಯುರಜ್ಜುಗಳಲ್ಲಿ ಒಂದನ್ನು ಬಿಡಿಸಿ ತಂದು ಹೆಬ್ಬೆರಳಿಗೆ ಹೊಲಿಯುವುದು ಅಂಥ ಒಂದು ಶಸ್ತ್ರಕ್ರಿಯೆ. ಕಟ್ಟು ಬಿಚ್ಚಿದ ದಿನ ರೋಗಿಯು ಹೆಬ್ಬೆರಳನ್ನು ಆಡಿಸಬೇಕಾದರೆ ಉಂಗುರದ ಬೆರಳನ್ನು ಮಡಚುವೆನೆಂದು ಮನಸ್ಸಿನಲ್ಲಿ ಅಂದುಕೊಳ್ಳಬೇಕು. ಕೆಲವು ವಾರಗಳ ಅಭ್ಯಾಸವಾದ ಮೇಲೆ ಹಾಗೆ ಅಂದುಕೊಳ್ಳುವ ಅಗತ್ಯ ಬೀಳುವುದಿಲ್ಲ. ಹೆಬ್ಬೆರಳೆಂದುಕೊಂಡರೆ ಹೆಬ್ಬೆರಳೇ ಆಡುತ್ತದೆ.